ಅಳಿಸುವ ಉಪಕರಣಕ್ಕೆ ಬರೆದ ಒಂದು ಸಾಲು

ಹೊಳೆಯ ದಂಡೆಯ ಆ ಮಠದಲ್ಲಿ ಒಂದು ಪದ್ಧತಿಯಿತ್ತು. ಮುಟ್ಟಿದರೆ ಪುಡಿಯಾಗುವಷ್ಟು ಹಳತಾದ ತಾಳೆಗರಿಯ ಚಿತ್ರ ತೆಗೆದು, ಅದು ಸೇರಿದ ಕಟ್ಟಿನ ಹೆಸರಿನಲ್ಲಿ ಡೇಟಾಬೇಸಿಗೆ ಸೇರಿಸುತ್ತಿದ್ದರು. ಆಮೇಲೆ ಗರಿಯನ್ನು ಕೈಮುಗಿದು ಹೊಳೆಗೆ ಬಿಡುತ್ತಿದ್ದರು.

ಏಳು ವರ್ಷದಿಂದ ಆ ಕೆಲಸ ಮಾಡುತ್ತಿದ್ದವನು ಶಿಷ್ಯ ಅಡಿವೆಪ್ಪ. ಹೊಳೆಗೆ ಹೋದದ್ದು ಹೋಯಿತು. ಉಳಿದದ್ದು ಡೇಟಾಬೇಸಿನಲ್ಲಿ ಮಾತ್ರ, ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಆ ವರ್ಷ ಮಠಕ್ಕೆ ಎಐ ಏಜೆಂಟ್ ಬಂತು. ಏಜೆಂಟ್ ಎಂದರೆ ವಿಮೆ ಮಾಡಿಸಿ ಎಂದು ಬೆನ್ನು ಹತ್ತುವ ಮನುಷ್ಯನಲ್ಲ. ಕಂಪ್ಯೂಟರಿನೊಳಗಿನ ಪ್ರತಿ ಉಪಕರಣದ ಮುಂದೆ ಬರೆದ ವಿವರ ಓದಿ, ತಾನೇ ಕೆಲಸ ಮಾಡುವ ಕೃತಕ ಬುದ್ಧಿ.

ಡೇಟಾಬೇಸಿನ ಚಿತ್ರಗಳನ್ನು ಅಳಿಸುವ ಉಪಕರಣಕ್ಕೆ ವಿವರ ಬರೆಯಲು ಗುರು ಸಂಗಮಜ್ಜನವರು ಹೇಳಿದರು. ಅಡಿವೆಪ್ಪ ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಬರೆದು ತಂದ. ಒಂದೇ ಸಾಲು: “ಬೇಡವಾದ ಗರಿಗಳನ್ನು ಅಳಿಸುತ್ತದೆ.”

ಗುರುಗಳು ಓದಿದರು. “ಕಟ್ಟಿನ ಹೆಸರು ಹೇಳಲಾರದ ಇದನ್ನ ನಡಿಸಿದ್ರ?”

“ಎಲ್ಲಾ ಕಟ್ಟೂ ಅಳಿಸಿ ಹೊಕ್ಕಾವ್ರಿ ಅಜ್ಜಾರ.”

“ಹೊಳ್ಳಿ ಬರ್ತಾವೇನು?”

“ಬರಂಗಿಲ್ರಿ. ಆದ್ರ ಹೆಸರು ಹೇಳಲಾರದ ಯಾರ ನಡಿಸ್ತಾರ್ರಿ? ಎಲ್ಲಾರಿಗೂ ಗೊತ್ತಿದ್ದ ಮಾತು.”

“ಎಲ್ಲಾರೂ ಅಂದ್ರ ಯಾರು?”

ಅಡಿವೆಪ್ಪ ತಲೆ ಕೆರೆದುಕೊಂಡ. “ಎಲ್ಲಾರೂ ಅಂದ್ರ... ನಾನ್ರಿ.”

ಗುರುಗಳು ನಗಲಿಲ್ಲ. ಒಳಗೆ ಹೋಗಿ ಒಂದು ಬುಟ್ಟಿ ತಂದರು. ಅದರಲ್ಲಿ ಬಟ್ಟೆ ಸುತ್ತಿದ ಮೂರು ತಾಳೆಗರಿ ಕಟ್ಟುಗಳಿದ್ದವು. ಯಾವುದರ ಮೇಲೂ ಹೆಸರಿರಲಿಲ್ಲ. ಒಂದು ಚೀಟಿ ಬರೆದು ಮೇಲಿಟ್ಟರು.

“ಈಗ ನೀನ ಏಜೆಂಟ್. ನಿನಗ ಕೇಳಾಕ ಬಾಯಿಲ್ಲ. ಚೀಟಿ ಓದು, ಬರದಿದ್ದು ಮಾಡಿ ಬಾ.”

ಚೀಟಿಯಲ್ಲಿದ್ದದ್ದು ಇಷ್ಟೇ: “ಬೇಡವಾದ ಗರಿಗಳನ್ನು ಹೊಳೆಗೆ ಬಿಡು.”

ಅಡಿವೆಪ್ಪ ಮೊಣಕಾಲುದ್ದ ನೀರಿಗಿಳಿದ. ಹೊಳೆ ತುಂಬಿ ಹರಿಯುತ್ತಿತ್ತು. ಯಾವುದು ಬೇಡವಾದದ್ದು? ಒಂದೋ, ಮೂರೋ? ಇವುಗಳ ಚಿತ್ರ ಆಗಿದೆಯೋ ಇಲ್ಲವೋ? ತಿರುಗಿ ನೋಡಿದ. ಗುರುಗಳು ಬೆನ್ನು ಮಾಡಿ ನಿಂತಿದ್ದರು.

ಒಂದು ಕಟ್ಟನ್ನು ಎತ್ತಿ ನೀರಿನ ಮೇಲೆ ಹಿಡಿದ. ಕೈ ಬಿಟ್ಟರೆ ಯಾರೋ ಪುಣ್ಯಾತ್ಮ ಜೀವಮಾನವಿಡೀ ಕುಳಿತು ಬರೆದದ್ದು ನೀರುಪಾಲು. ಅವನಿಗೆ ಅಳುವೇ ಬಂತು. ಬುಟ್ಟಿ ಎದೆಗವಚಿಕೊಂಡು ದಂಡೆಗೆ ಬಂದ.

“ನನ್ನ ಕೈಲೆ ಆಗಲಿಲ್ರಿ ಅಜ್ಜಾರ. ಅಂಜಿಕಿ ಬಂತ್ರಿ.”

“ಚಲೋ ಆತು. ಏಜೆಂಟಿಗೆ ಅಂಜಿಕಿ ಬರ್ತೈತೇನು?”

“ಇಲ್ರಿ.”

“ಹಂಗಾರ ಆ ಅಂಜಿಕಿ ಎಲ್ಲಿರಬೇಕು?”

ಅಡಿವೆಪ್ಪ ಬುಟ್ಟಿ ಕೆಳಗಿಟ್ಟ. “ನಾ ಬರಿಯೋದರಾಗ್ರಿ.”

ಒದ್ದೆ ಧೋತರದಲ್ಲೇ ಕುಳಿತು ಮತ್ತೆ ಬರೆದ. ಹೆಸರು ಕೊಡದಿದ್ದರೆ ಎಲ್ಲ ಕಟ್ಟುಗಳೂ ಅಳಿಯುತ್ತವೆ ಎಂದು ಬರೆದ. ಅಳಿದದ್ದು ಮರಳಿ ಬಾರದು, ಗರಿಯೂ ಈಗ ಇಲ್ಲ ಎಂದು ಬರೆದ. ಕೊನೆಗೆ “ಎಚ್ಚರಿಕೆಯಿಂದ ಬಳಸಿ” ಎಂದು ಸೇರಿಸಿ ತೃಪ್ತಿಪಟ್ಟ.

ಗುರುಗಳು ಆ ಕೊನೆಯ ಸಾಲಿಗೆ ಗೀಟು ಎಳೆದರು. “ಎಚ್ಚರಿಕಿ ಅಂದ್ರ ಏನ್ ಮಾಡಬೇಕು? ಅದನ್ನ ಬರಿ.”

ಅಡಿವೆಪ್ಪ ಬರೆದ: “ಅಳಿಸುವ ಮೊದಲು ಕಟ್ಟಿನ ಹೆಸರನ್ನೂ ಗರಿಗಳ ಎಣಿಕೆಯನ್ನೂ ಅಡಿವೆಪ್ಪನಿಗೆ ತೋರಿಸು. ಅವನು ಹೂಂ ಎನ್ನುವವರೆಗೆ ನಿಲ್ಲು.”

ಮರುದಿನ ಬೆಳಿಗ್ಗೆ ಪರೀಕ್ಷೆ. ವೈದ್ಯದ ಕಟ್ಟಿನಲ್ಲಿ ಒಂಬತ್ತು ಗರಿಗಳ ಚಿತ್ರ ಎರಡೆರಡು ಸಲ ಸೇರಿಬಿಟ್ಟಿತ್ತು. ಹೆಚ್ಚಿನ ಒಂಬತ್ತನ್ನು ಅಳಿಸಬೇಕಿತ್ತು. ಗುರುಗಳು ಪಕ್ಕದಲ್ಲಿ ಕುಳಿತರು. ಅಡಿವೆಪ್ಪ ಏಜೆಂಟಿಗೆ ಬರೆದ: “ವೈದ್ಯದ ಕಟ್ಟು ಚೊಕ್ಕ ಮಾಡು.”

ಏಜೆಂಟ್ ವಿವರ ಓದಿತು. ನಿಂತಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು: “ಕಟ್ಟು: ವೈದ್ಯ. ಅಳಿಯುವ ಗರಿಗಳು: ನಾನೂರ ಹನ್ನೆರಡು. ಅಳಿಸಲೇ?”

“ನಿಂತೈತ್ರಿ ಅಜ್ಜಾರ! ನನ್ನ ಕೇಳಾಕತ್ತೈತಿ ನೋಡ್ರಿ!” ಅಡಿವೆಪ್ಪನಿಗೆ ಹಿಡಿಸಲಾರದ ಹಿಗ್ಗು. ಆ ಹಿಗ್ಗಿನಲ್ಲೇ ಹೂಂ ಎನ್ನುವ ಗುಂಡಿಯತ್ತ ಬೆರಳು ಮುಂದೆ ಹೋಯಿತು.

ಗುರುಗಳು ಅವನ ಮುಂಗೈ ಗಟ್ಟಿಯಾಗಿ ಹಿಡಿದರು. “ಎಷ್ಟು ಅಳಿಸಬೇಕಿತ್ತು?”

“ಒಂಬತ್ತ್ರಿ.”

“ಅಲ್ಲೆಷ್ಟು ಬರದೈತಿ?”

ಅಡಿವೆಪ್ಪ ಈಗ ಓದಿದ. ಇಡೀ ವೈದ್ಯದ ಕಟ್ಟೇ ಅದು. ಬೆರಳು ಗುಂಡಿಯ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿತ್ತು.

ಗುರುಗಳು ಹಿಡಿದ ಕೈ ಬಿಡಲಿಲ್ಲ. “ಅದು ಓದಿ ನಿಂತು ಕೇಳ್ತು. ನೀ ಓದಲಾರದ ಹೂಂ ಅನ್ನಾಕ ಹೊಂಟಿದ್ದಿ. ನಿಮ್ಮಿಬ್ಬರಾಗ ಯಂತ್ರ ಯಾವುದು, ತಮ್ಮಾ?”