ಮಗ ಕೂರುವ ಜಾಗ

ಕೆರೆಯ ದಂಡೆಯ ಮೇಲೆ ತಗಡು ಹೊದಿಸಿದ ಒಂದು ಶೆಡ್ಡು. ಮಾಣಿಕಪ್ಪನವರು ಅಲ್ಲಿ ಕೂತು ವಿಮಾನ ಮಾಡುತ್ತಿದ್ದರು.

ಹಾರುವ ವಿಮಾನವಲ್ಲ, ಯುದ್ಧವಿಮಾನಗಳ ಮಾದರಿ. ಮೂವತ್ತೆರಡು ಅಡಿ ಇದ್ದದ್ದು ಅವರ ಕೈಯಲ್ಲಿ ಒಂದು ಅಡಿಯಾಗುತ್ತಿತ್ತು. ಉಳಿದದ್ದೆಲ್ಲ ಅಸಲಿನ ಹಾಗೆಯೇ.

ವಾಯುಪಡೆಯಲ್ಲಿ ಇಪ್ಪತ್ತಾರು ವರ್ಷ ಇದ್ದವರು. ಒಮ್ಮೆಯೂ ಹಾರಿದವರಲ್ಲ. ಹಾರುವವರಿಗೆ ವಿಮಾನ ಸಜ್ಜು ಮಾಡಿಕೊಡುವುದು ಅವರ ಕೆಲಸವಾಗಿತ್ತು.

ಶಶಿರೇಖಾ ಮಾಣಿಕಪ್ಪನವರ ಬಳಿ ಮೊದಲು ಬಂದಾಗ ಅವಳ ಕೈಯಲ್ಲಿ ಫೋಟೋಗಳ ಒಂದು ಡಬ್ಬಿ ಇತ್ತು. ಊರಿನಲ್ಲಿ ಅವಳದೊಂದು ಚಿಕ್ಕ ಸ್ಟುಡಿಯೋ. ವರ್ಷವಿಡೀ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ತೆಗೆಯುವವಳು, ಎಲ್ಲಾದರೂ ಏರ್ ಶೋ ಇದೆ ಎಂದರೆ ಸ್ಟುಡಿಯೋಗೆ ಬೀಗ ಹಾಕಿ ಹೊರಟುಬಿಡುತ್ತಿದ್ದಳು.

ಆ ವರ್ಷ ಮೂರೇ ದಿನದಲ್ಲಿ ಎಂಟುನೂರು ಫೋಟೋ ತೆಗೆದಿದ್ದಳು. ಮಾಣಿಕಪ್ಪ ಒಂದನ್ನೂ ಬಿಡದೆ ನೋಡಿದರು. ಸಂಜೆಯಾಯಿತು.

ಇವೆಲ್ಲ ಕಣ್ಣಿಗೆ ಸಿಕ್ಕವು, ಕೈಗೆ ಸಿಗಲಿಲ್ಲ, ಅದಕ್ಕೇ ಬಂದೆ ಎಂದು ಶಶಿರೇಖಾ ಹೇಳಿದಳು.

ಅವರು ಒಂದು ತುಂಡು ಮರ, ಒಂದು ಹಾಳೆ ಉಜ್ಜುಕಾಗದ ಕೊಟ್ಟರು.

ನಾಲ್ಕು ತಿಂಗಳು ಅವಳು ರೆಕ್ಕೆ ಉಜ್ಜಿದಳು. ರೆಕ್ಕೆ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳ ಕೈ ಎಷ್ಟು ಪಳಗಿತೆಂದರೆ, ಬಣ್ಣ ಹಚ್ಚುವುದರಲ್ಲಿ ಅವಳು ತಮ್ಮನ್ನು ಮೀರಿಸಿದ್ದಾಳೆ ಎಂದು ಗುರುವೇ ಬಂದವರಿಗೆ ಹೇಳುತ್ತಿದ್ದರು.

ಒಂದು ದಿನ ಅಂಬುಬಾಯಿ ಎಂಬವರು ಸ್ಟುಡಿಯೋಗೆ ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಈಗಲೂ ಮನೆಯಲ್ಲಿ ಹಾರ್ಮೋನಿಯಂ ಪಾಠ ಹೇಳುತ್ತಿದ್ದರು. ಹದಿನೈದು ವರ್ಷದ ಹಿಂದೆ ಎರಡೂ ಕಣ್ಣು ಹೋಗಿದ್ದವು. ತಂಗಿಯ ಕೈ ಹಿಡಿದುಕೊಂಡು ಪೆನ್ಷನ್ ಕಾಗದಕ್ಕೆ ಫೋಟೋ ತೆಗೆಸಲು ಬಂದಿದ್ದರು.

ಕ್ಯಾಮೆರಾ ನೋಡಿ ಎಂದು ಶಶಿರೇಖಾ ಅಭ್ಯಾಸಬಲದಿಂದ ಹೇಳಿಬಿಟ್ಟಳು. ಅದು ಯಾವ ಕಡೆ ಇದೆ ಹೇಳವ್ವಾ, ನೋಡ್ತೀನಿ ಎಂದು ಅಂಬುಬಾಯಿ ನಕ್ಕರು.

ಗೋಡೆಯ ಮೇಲೆಲ್ಲ ಯುದ್ಧವಿಮಾನಗಳ ಫೋಟೋ ಇವೆ ಎಂದು ತಂಗಿ ಅವರ ಕಿವಿಯಲ್ಲಿ ಹೇಳಿದರು. ಫೋಟೋ ತೆಗೆದಾದ ಮೇಲೂ ಅಂಬುಬಾಯಿ ಕುರ್ಚಿಯಿಂದ ಏಳಲಿಲ್ಲ.

ಅವರ ಮಗ ವಿಶ್ವಂಭರ ಯುದ್ಧವಿಮಾನದ ಪೈಲಟ್. ದೂರದ ಗಡಿಯ ಕಡೆ ಇದ್ದ. ಜಾಗ್ವಾರ್ ಎಂಬ ವಿಮಾನ, ಒಬ್ಬನೇ ಕೂರುವಂಥದ್ದು ಎಂದು ಅವನು ಫೋನಿನಲ್ಲಿ ಹೇಳಿದ್ದ. ಅದು ಹೇಗಿರುತ್ತದೆ ಎಂದು ಎಷ್ಟು ವಿವರಿಸಿದರೂ ಇವರಿಗೆ ಹೊಳೆದಿರಲಿಲ್ಲ. ಮಗನ ಮೀಸೆಯನ್ನೇ ನೋಡಿರದ ತಾಯಿ.

"ಆಕಾಶದಾಗ ಯಾರೋ ಕಲ್ಲು ಬೀಸಿ ಒಗದಂಗ ಅನಸ್ತದ ನಂಗ," ಎಂದರು ಅಂಬುಬಾಯಿ. "ಆ ಕಲ್ಲಿನಾಗ ನನ್ನ ಮಗ."

ನಾನು ಮಾಡಿಕೊಡುತ್ತೇನೆ, ನೀವು ಮುಟ್ಟಿ ನೋಡಿ ಎಂದು ಶಶಿರೇಖಾ ಮಾತು ಕೊಟ್ಟಳು.

ಏಳು ತಿಂಗಳು ಹಿಡಿಯಿತು. ಏರ್ ಶೋನಲ್ಲಿ ತೆಗೆದ ಜಾಗ್ವಾರಿನ ನಲವತ್ತು ಫೋಟೋಗಳನ್ನು ಮೇಜಿನ ಸುತ್ತ ಅಂಟಿಸಿಕೊಂಡು ಮಾಡಿದಳು. ಮೂತಿಯ ಚೂಪು, ಚಕ್ರದ ಉದ್ದ ಕಾಲು, ಹೊಗೆ ಹಿಡಿದ ಹಿಂಭಾಗ. ಮೈಮೇಲಿನ ಸಾಸಿವೆಯಷ್ಟು ಸಣ್ಣ ಅಕ್ಷರಗಳನ್ನೂ ಒಂದೇ ಕೂದಲಿನ ಕುಂಚದಲ್ಲಿ ಬರೆದಳು.

ಪೈಲಟ್ ಕೂರುವ ಜಾಗದ ಮೇಲೆ ಗಾಜಿನಂಥ ಮುಚ್ಚಳ ಬರಬೇಕು. ಅದನ್ನು ಕಪ್ಪಗೆ ಮಾಡಿ ಅಂಟಿಸಿಬಿಟ್ಟಳು.

ಮಾಣಿಕಪ್ಪ ಅದನ್ನು ಎತ್ತಿ ನೋಡಿದರು.

"ಒಳಗ?"

"ಫೋಟೋದಾಗ ಒಳಗ ಏನೂ ಕಾಣೂದಿಲ್ರಿ ಮಾಸ್ತರ್ರೆ. ಬಿಸಿಲಿಗೆ ಗಾಜು ಹೊಳದಿತ್ತು. ಕಾಣದ್ದನ್ನ ಮಾಡಿದ್ರ ಸುಳ್ಳು ಮಾಡಿದಂಗ."

"ಫೋಟೋ ನೀ ನಿಂತ ಜಾಗದ್ದು," ಎಂದರು ಅವರು. ಮಾದರಿಯನ್ನು ಮೆಲ್ಲಗೆ ಕೆಳಗಿಟ್ಟು ತಮ್ಮ ಕೆಲಸಕ್ಕೆ ಹೋದರು.

ಗುರುಗಳು ಹೀಗೆ ಏನಾದರೊಂದು ಹೇಳುತ್ತಿರುತ್ತಾರೆ ಎಂದುಕೊಂಡಳು ಶಶಿರೇಖಾ.

ಮಾದರಿ ಮನೆಗೆ ಬಂದ ದಿನ ಅಂಬುಬಾಯಿ ಕೈ ತೊಳೆದುಕೊಂಡು ಬಂದು ಕೂತರು. ಮಾದರಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮೂತಿಯಿಂದ ಬಾಲದವರೆಗೆ ಬೆರಳು ಹೋಯಿತು, ಬಾಲದಿಂದ ಮೂತಿಯವರೆಗೆ ಬಂತು. ಮುಖ ಅರಳಿತು.

ಕಲ್ಲಲ್ಲ ಇದು, ಮೀನಿನ ಹಾಗಿದೆ ಎಂದು ತಂಗಿಯನ್ನು ಕರೆದು ಹೇಳಿದರು. ರೆಕ್ಕೆ ಇಷ್ಟು ಸಣ್ಣದೇ, ಇಷ್ಟರ ಮೇಲೆ ಹೇಗೆ ನಿಲ್ಲುತ್ತದೆ ಎಂದು ಕೇಳಿದರು. ಶಶಿರೇಖಾ ಎಲ್ಲವನ್ನೂ ಹೇಳಿದಳು. ಏಳು ತಿಂಗಳ ದಣಿವು ಹೋಯಿತು.

"ವಿಶ್ವ ಎಲ್ಲಿ ಕೂಡ್ತಾನವ್ವಾ?"

ಅವಳು ಅವರ ಬೆರಳನ್ನು ಮುಚ್ಚಳದ ಮೇಲೆ ಇಟ್ಟಳು.

"ತೆಗೀಲಿಕ್ಕ ಬರೂದಿಲ್ಲೇನು?"

"ಇಲ್ರಿ. ಅಂಟಿಸೀನಿ."

"ಇರ್ಲಿ ಬಿಡು. ಇಷ್ಟಾರ ಸಿಕ್ತಲ್ಲ," ಎಂದು ಅವರು ಅವಳ ತಲೆಯ ಮೇಲೆ ಕೈ ಇಟ್ಟು ಹರಸಿದರು. ತಂಗಿ ಉಂಡೆ ತಂದುಕೊಟ್ಟರು. ಅಂಬುಬಾಯಿ ಬೇರೆ ಮಾತಾಡುತ್ತಿದ್ದರು, ಆದರೆ ಬೆರಳು ಮುಚ್ಚಳದ ಅಂಚಿನಲ್ಲೇ ಸುತ್ತುತ್ತಿತ್ತು. ಸಂದಿ ಹುಡುಕುತ್ತಿತ್ತು.

ಶಶಿರೇಖಾ ಉಂಡೆಯನ್ನು ತಟ್ಟೆಯಲ್ಲೇ ಬಿಟ್ಟಳು. ಸ್ವಲ್ಪ ಕೆಲಸ ಬಾಕಿ ಇದೆ ಎಂದು ಹೇಳಿ ಮಾದರಿಯನ್ನು ಮರಳಿ ತಂದಳು.

"ಒಳಗ ಏನೂ ಇಲ್ರಿ ಮಾಸ್ತರ್ರೆ," ಎಂದಳು ಶೆಡ್ಡಿನ ಬಾಗಿಲಲ್ಲೇ ನಿಂತು. "ಆಕಿ ಮಗನ್ನ ಹುಡುಕಿದ್ರು. ನಾ ಟೊಳ್ಳು ಕೊಟ್ಟಿದ್ದೆ."

ಮಾಣಿಕಪ್ಪ ಬೈಯಲಿಲ್ಲ. ಡ್ರಾಯರ್ ಎಳೆದು ಸಣ್ಣ ಗರಗಸದ ಅಲಗೊಂದನ್ನು ತೆಗೆದು ಅವಳ ಮುಂದೆ ಇಟ್ಟರು.

ಅವಳು ಅದನ್ನು ಮುಟ್ಟಲಿಲ್ಲ. ಕೊಯ್ದರೆ ಮುಚ್ಚಳ ಒಡೆಯುತ್ತದೆ, ಸುತ್ತಲಿನ ಬಣ್ಣ ಏಳುತ್ತದೆ, ಬರೆದ ಅಕ್ಷರ ಹೋಗುತ್ತವೆ. ಅಂಥ ಕೆಲಸ ತನ್ನ ಕೈಯಿಂದ ಮತ್ತೆ ಆಗುತ್ತದೋ ಇಲ್ಲವೋ. ಇದನ್ನು ಇಲ್ಲೇ ಇಟ್ಟುಕೊಂಡು ಅವರಿಗೆ ಹೊಸದೊಂದು ಮಾಡಿಕೊಡಲೇ ಎಂದು ಕೇಳಿದಳು.

"ಅಂಬುಬಾಯಿಯವರು ಬೆರಳು ಇಟ್ಟದ್ದು ಇದರ ಮ್ಯಾಲ," ಎಂದರು ಗುರು.

ಅವಳು ಅಲಗು ಎತ್ತಿಕೊಂಡಳು. ಮುಚ್ಚಳ ಎರಡು ಕಡೆ ಸೀಳಿತು. ಬಣ್ಣ ಹಪ್ಪಳದಂತೆ ಎದ್ದಿತು. ಕಣ್ಣು ಒರೆಸಿಕೊಂಡು ಕೊಯ್ದಳು.

ಒಳಗೆ ಏನಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಪುಸ್ತಕ ಇದ್ದರೆ ಕೊಡಿ, ನೋಡುತ್ತೇನೆ ಎಂದಳು.

ಅವರು ಸ್ಟೂಲ್ ಎಳೆದು ಅವಳನ್ನು ಕೂರಿಸಿದರು. ಕಣ್ಣು ಮುಚ್ಚಲು ಹೇಳಿದರು.

ಅವಳ ಎಡಗೈಯನ್ನು ಎತ್ತಿ ಗಾಳಿಯಲ್ಲಿ ಒಂದು ಕಡೆ ಇಟ್ಟರು. ಇಂಜಿನ್ನಿನ ಹಿಡಿ ಇಲ್ಲಿ. ಬಲಗೈಯನ್ನು ಮೊಣಕಾಲುಗಳ ನಡುವೆ ತಂದರು. ವಿಮಾನ ತಿರುಗಿಸುವ ಕೋಲು ಇಲ್ಲಿ. ಎರಡೂ ಪಾದ ಮುಂದಕ್ಕೆ ಚಾಚಿಸಿದರು. ಬೆನ್ನು ನೆಟ್ಟಗೆ. ಹೆಗಲ ಮೇಲಿಂದ ಎರಡು ಪಟ್ಟಿ, ಸೊಂಟಕ್ಕೆ ಎರಡು, ತೊಡೆಗಳ ನಡುವಿನಿಂದ ಒಂದು. ಐದೂ ಹೊಟ್ಟೆಯ ಹತ್ತಿರ ಒಂದೇ ಕೊಂಡಿಗೆ ಬಂದು ಕೂಡುತ್ತವೆ.

ಬಹಳ ಹೊತ್ತು ಅವಳನ್ನು ಹಾಗೆಯೇ ಬಿಟ್ಟರು. ಸ್ಟೂಲ್ ಎಷ್ಟು ಇಕ್ಕಟ್ಟಾಗಿದೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಅವಳು ಸೀಟು ಮಾಡಿದಳು, ಹೆಬ್ಬೆರಳಿನಷ್ಟು. ಖಾಲಿಯಾದ ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಸಿ ಪಟ್ಟಿ ಮಾಡಿದಳು. ತಾಮ್ರದ ತಂತಿಯಿಂದ ಕೊಂಡಿ.

ಮಾಣಿಕಪ್ಪ ಕಣ್ಣು ಮುಚ್ಚಿಕೊಂಡು ಮುಟ್ಟಿದರು.

"ಇದೇನಿದು?"

"ಪಟ್ಟಿ ರೀ."

"ನಂಗ ದಾರ ಅನ್ನಿಸ್ತು."

ಕಿತ್ತು ಮತ್ತೆ ಮಾಡಿದಳು. ಮತ್ತೆ ಮುಟ್ಟಿದರು, ಅಲ್ಲ ಎಂದು ತಲೆ ಆಡಿಸಿದರು. ನಾಲ್ಕನೆಯ ಸಲ ಅವರು ಕಣ್ಣು ತೆರೆಯಲೇ ಇಲ್ಲ. ಬೆರಳ ತುದಿಯಿಂದ ಹೆಗಲಿನ ಪಟ್ಟಿಯನ್ನು ಸವರುತ್ತ ಸುಮ್ಮನೆ ಕೂತರು. ಅವಳು ಆ ಪಟ್ಟಿಯನ್ನು ಮತ್ತೆ ಮುಟ್ಟಲಿಲ್ಲ.

ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಮರದ ಅಚ್ಚಿನ ಮೇಲೆ ಎಳೆದು ಹೊಸ ಮುಚ್ಚಳ ಮಾಡಿದಳು. ಈ ಸಲ ಅದಕ್ಕೆ ಕೀಲು ಇಟ್ಟಳು. ಪಕ್ಕಕ್ಕೆ ಏಣಿಯೊಂದನ್ನೂ ಮಾಡಿದಳು. ಬಣ್ಣ ಎದ್ದಲ್ಲೆಲ್ಲ ಹೊಸ ಬಣ್ಣ ಹಳೆಯದರ ಜೊತೆ ಬೆರೆಯಲಿಲ್ಲ, ತೇಪೆಯ ಹಾಗೆ ಕಾಣುತ್ತಿತ್ತು. ಬಿಟ್ಟುಬಿಟ್ಟಳು.

ಕೊಡಲು ಹೊರಟ ದಿನ ಮಾಣಿಕಪ್ಪ ಅಂಗಿ ಬದಲಿಸಿಕೊಂಡು ನಿಂತಿದ್ದರು. ನಾನೂ ಬರುತ್ತೇನೆ ಎಂದರು. ಮಾದರಿ ಹಿಡಿದುಕೊಂಡು ಅವರು ಯಾರ ಮನೆಗೂ ಹೋದದ್ದನ್ನು ಅವಳು ನೋಡಿರಲಿಲ್ಲ.

ಅಂಬುಬಾಯಿಯವರ ಬೆರಳು ಏಣಿಯನ್ನು ಮೊದಲು ಕಂಡಿತು. ಒಂದೊಂದೇ ಮೆಟ್ಟಿಲು ಹತ್ತಿತು. ಮುಚ್ಚಳವನ್ನು ಎತ್ತಿತು. ಬೆರಳು ಒಳಗೆ ಇಳಿಯಿತು.



ಇಷ್ಟು ಸಣ್ಣ ಜಾಗವೇ ಎಂದು ಅವರು ಕೇಳಿದರು. ಅವನು ಚಿಕ್ಕವನಿದ್ದಾಗ ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ಇಷ್ಟೇ ಜಾಗದಲ್ಲಿ ಅವಿತು ಕೂರುತ್ತಿದ್ದ ಎಂದು ತಂಗಿಗೆ ನೆನಪಿಸಿದರು. ಬೆರಳು ಬೆನ್ನಿನ ಆಸರೆಯನ್ನು ಹುಡುಕಿತು, ಮೇಲಿಂದ ಇಳಿಬಿದ್ದ ಪಟ್ಟಿಗಳನ್ನು ಮುಟ್ಟಿ ನಿಂತಿತು.

"ಇವೇನು?"

"ಬೆಲ್ಟ್ ರೀ. ಹಾರೂ ಮುಂದ ಕಟ್ಟೂದು," ಎಂದಳು ಶಶಿರೇಖಾ.

"ತಾನೇ ಕಟ್ಕೊಳ್ತಾನೇನು?"

ಅವಳಿಗೆ ಗೊತ್ತಿರಲಿಲ್ಲ. ಗುರುವಿನ ಮುಖ ನೋಡಿದಳು.

"ಒಬ್ಬರಿಗೇ ಸರಿಯಾಗಿ ಬಿಗಿ ಆಗೂದಿಲ್ರಿ ಬಾಯಿ," ಎಂದರು ಮಾಣಿಕಪ್ಪ. "ಹೆಗಲಿನ ಪಟ್ಟಿ ಎಳೀಲಿಕ್ಕ ಇನ್ನೊಬ್ಬ ಬೇಕು. ಏಣಿ ಹತ್ತಿ ನನ್ನಂಥವ ಒಬ್ಬ ನಿಂತಿರ್ತಾನ. ಎಳೀತಾನ, ನೆಲದ ಮ್ಯಾಲ ಸೀಟು ಹಾರಬಾರದಂತ ಹಾಕಿದ ಪಿನ್ ತಗೀತಾನ, ತಗದದ್ದು ಅವರಿಗೆ ತೋರಿಸ್ತಾನ, ಇಳೀತಾನ."

"ನೀವು ಎಷ್ಟು ವರ್ಷ ಕಟ್ಟೀರಿ?"

"ಇಪ್ಪತ್ತಾರು."

ಅಂಬುಬಾಯಿ ಮಾದರಿಯನ್ನು ತಂಗಿಯ ಕೈಗೆ ಕೊಟ್ಟರು. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಬೆನ್ನು ನೆಟ್ಟಗೆ ಮಾಡಿ ಕೂತರು.

"ನಂಗೂ ಹಂಗ ಕಟ್ರಿ. ನನ್ನ ಮಗಂಗ ಹ್ಯಾಂಗ ಆಗ್ತದೋ ನಂಗ ತಿಳೀಲಿ."

ಮಾಣಿಕಪ್ಪ ತಡೆದು ನಿಂತರು. ಆಮೇಲೆ ಕುರ್ಚಿಯ ಹಿಂದೆ ಹೋದರು. ಅವರ ಎರಡೂ ಹೆಗಲ ಮೇಲೆ ಅಂಗೈ ಇಟ್ಟು ಕೆಳಕ್ಕೆ ಒತ್ತಿ ಹಿಡಿದರು.

"ಬಿಗಿ ಆಯ್ತೇನ್ರಿ?"

"ಇನ್ನ ಸ್ವಲ್ಪ."

ಅವರು ಇನ್ನೂ ಒತ್ತಿದರು. ಅಂಬುಬಾಯಿ ನಿಧಾನವಾಗಿ ಉಸಿರು ಬಿಟ್ಟರು.

ಕಟ್ಟಿದ ಮೇಲೆ ಏನಾದರೂ ಹೇಳುತ್ತಿದ್ದಿರೇನು ಎಂದು ಅವರು ಕೇಳಿದರು. ಇಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ ಎಂದರು ಮಾಣಿಕಪ್ಪ. ಹಾರುವವರಲ್ಲಿ ಬಹಳಷ್ಟು ಜನರಿಗೆ ಅವರ ಕನ್ನಡವೂ ತಿಳಿಯುತ್ತಿರಲಿಲ್ಲ.

"ಆದ್ರೂ ಹೇಳ್ತಿದ್ದೆ."

"ಏನಂತ?"

"ಹೋಗಿ ಬಾ ಅಂತ."

ಅಂಬುಬಾಯಿ ಹೆಗಲ ಮೇಲಿದ್ದ ಆ ಎರಡೂ ಕೈಗಳನ್ನು ತಮ್ಮ ಕೈಯಿಂದ ಹಿಡಿದುಕೊಂಡರು. ಹಣೆಗೆ ಒತ್ತಿಕೊಂಡರು. ಅವರ ಮುಖದಲ್ಲಿ ಅಳು ಇರಲಿಲ್ಲ. ಎಷ್ಟೋ ವರ್ಷದಿಂದ ಎತ್ತಿ ಹಿಡಿದಿದ್ದ ಭಾರವನ್ನು ಇಳಿಸಿ ಕೂತವರ ಹಾಗೆ ಕಂಡರು.

ಮಗನನ್ನು ಒಬ್ಬನೇ ಕಳಿಸುತ್ತಾರೆ ಅಂದುಕೊಂಡಿದ್ದೆ, ಕಟ್ಟಿ ಕಳಿಸುವವರು ಇದ್ದಾರಲ್ಲ, ಅಷ್ಟು ಸಾಕು ಎಂದು ತಂಗಿಗೆ ಹೇಳಿದರು. ಸಂಜೆ ವಿಶ್ವನಿಗೆ ಫೋನ್ ಮಾಡಿ ಅವನ ಏಣಿ ಹತ್ತುವವರ ಹೆಸರು ಕೇಳಬೇಕು, ದಿನಾ ದೇವರ ಮುಂದೆ ಮಗನ ಹೆಸರಿನ ಜೊತೆ ಆ ಹೆಸರನ್ನೂ ಹೇಳಬೇಕು ಎಂದರು.

ಗುರು ಶಿಷ್ಯೆ ಇಬ್ಬರೂ ಊಟ ಮಾಡದೆ ಹೊರಡುವಂತಿರಲಿಲ್ಲ. ಉಂಡು, ಹಾಡು ಕೇಳಿ, ಕೆರೆಯ ದಾರಿ ಹಿಡಿದಾಗ ಬಿಸಿಲು ಇಳಿಯುತ್ತಿತ್ತು.

ತನ್ನ ಕೈ ಹಿಡಿದು ಕಲಿಸಿದ್ದಕ್ಕೆ ಏನು ಹೇಳಬೇಕೋ ಶಶಿರೇಖಾಳಿಗೆ ತಿಳಿಯಲಿಲ್ಲ. ಕೊನೆಗೆ, ಕಟ್ಟಿ ಕಳಿಸಿದವರ ಮುಖಗಳು ನೆನಪಿವೆಯೇ ಎಂದು ಕೇಳಿದಳು.

ಮುಖಕ್ಕೆ ಮಾಸ್ಕ್ ಇರುತ್ತಿತ್ತು, ಹೆಗಲು ನೆನಪಿವೆ ಎಂದರು ಮಾಣಿಕಪ್ಪ.

"ಅವರು ಯಾರಾದ್ರೂ ಬಾಯಿಯವರಂಗ ನಿಮ್ಮ ಕೈ ಹಣಿಗೆ ಒತ್ಕೊಂಡಿದ್ರೇನ್ರಿ, ಮಾಸ್ತರ್ರೆ?"



"ವಾಪಸ್ ಬರ್ತಿದ್ರಲ್ಲ, ಮಗಳ."