ಬೂರುಗದ ಹಾಸಿಗೆ

ಹೊಳೆದಂಡೆ ಮಠದಲ್ಲಿ ಮುರಿದ ಮೂಳೆ ಕೂಡಿಸೋ ಅಯ್ಯ ಒಬ್ಬರಿದ್ರು, ರಾಚಪ್ಪಯ್ಯ ಅಂತ. ಅವರ ಹತ್ರ ಕೆಲಸ ಕಲಿಯೋಳು ದೇವೀರಿ. ಕೈ ಚುರುಕು. ಕಿವಿ ಮಾತ್ರ ತನಗೆ ಬೇಕಾದ್ದನ್ನೇ ಕೇಳಿಸ್ಕೊಳ್ಳೋದು. ಕನಿಕರ ಅಂದ್ರೆ ಉಕ್ಕೋ ಹಾಲು, ಒಲೆ ಆರಿಸಿದ್ರೂ ನಿಲ್ತಿರಲಿಲ್ಲ.

ಹುಣಸೆಮರದಿಂದ ಬಿದ್ದು ಕಾಲು ಮುರ್ಕೊಂಡ ಚಿಕ್ಕತಾಯಿ ಅನ್ನೋ ಮಗೂನ ಮಠದಲ್ಲಿ ತಂದು ಬಿಟ್ಟಿದ್ರು. ಅಯ್ಯ ಬಿದಿರು ದಬ್ಬೆ ಕಟ್ಟಿದ್ರು. ಮೂಳೆ ಅಂಟ್ಕೊಂಡ ಮೇಲೆ ದಬ್ಬೆ ಬಿಚ್ಚಿ, ದೇವೀರಿಗೆ ಒಂದು ಮಾತು ಹೇಳಿ ಪಕ್ಕದ ಸೀಮೆಗೆ ಹೊರಟ್ರು.

ಬಾಯಲ್ಲಿ ಹಲ್ಲಿಲ್ಲದ ಅಯ್ಯ ಹೇಳಿದ್ದು, ಇನ್ನು ಈ ಕಾಲಿಗೆ ನೆಲ ಬೇಕು ಅಂತ. ದೇವೀರಿಗೆ ಕೇಳಿಸಿದ್ದು, ನೆಲೆ ಬೇಕು ಅಂತ.

ನೆಲೆ ಅಂದ್ರೆ ಆಸರೆ ತಾನೆ, ಕೊಟ್ಲು. ಬೂರುಗದ ಹತ್ತಿ ತುಂಬಿ ಹಾಸಿಗೆ ಹೊಲಿದು ಮಗೂನ ಅದರ ಮೇಲೇ ಇಟ್ಲು. ಹೊಳೆಗೆ ಹೋದ್ರೂ ಮಗು ಕಂಕುಳಲ್ಲಿ, ಊಟಕ್ಕೆ ಕೂತ್ರೂ ಕಂಕುಳಲ್ಲಿ. ಆ ಪಾದ ಧೂಳನ್ನೇ ಕಾಣಲಿಲ್ಲ.

ತಿಂಗಳುಗಳು ಕಳೆದು ಅಯ್ಯ ವಾಪಸ್ ಬಂದಾಗ ಮಗೂನ ಕಾಲು ಬಾಳೆದಿಂಡಿನ ಹಂಗೆ ಬೆಳ್ಳಗೆ, ಮೆತ್ತಗೆ. ಇನ್ನು ಇವಳು ಕುಂಟಿನೇ, ಗಂಡು ಸಿಗಲ್ಲ ಅಂತ ಊರ ಹೆಂಗಸರು ಲೊಚಗುಟ್ಟಿಯೂ ಆಗಿತ್ತು.

"ನಾನು ಏನು ಹೇಳಿದ್ದೆ ಕಣವ್ವ?"

"ನೆಲೆ ಬೇಕು ಅಂದ್ರಿ."

ಅಯ್ಯ ಹಣೆ ಚಚ್ಕೊಂಡ್ರು. ನೆಲ ಅಂದಿದ್ದು, ನಿನ್ನ ಕಿವಿಗೆ ಬೈಲೋ ನನ್ನ ಬೊಚ್ಚು ಬಾಯಿಗೆ ಬೈಲೋ ಅಂದ್ರು. ಹಾಸಿಗೆ ಎಳೆದು ಕೊಟ್ಟಿಗೆಗೆ ಎಸೆದ್ರು. ಮಗೂನ ಕಲ್ಲು ಜಗಲಿ ಮೇಲೆ ನಿಲ್ಲಿಸಿ, ಅರ್ಧ ಭಾರ ತಮ್ಮ ಹೆಗಲ ಮೇಲೆ ತಗೊಂಡ್ರು.

ದೇವೀರಿ ಅಡ್ಡ ಬಂದ್ಲು. "ಎಳೆ ಮೂಳೆ ಅಯ್ಯಾ. ಕಲ್ಲಿನ ಮೇಲಾ?"

"ಮೂಳೆ ಒಳಗೆ ಮಜ್ಜೆ ಐತಲ್ಲ, ಅದ್ರಲ್ಲಿ ಮರಿಕಣ ಇರ್ತವೆ. ಹುಟ್ಟಿದಾಗ ಮೂಳೆನೂ ಅಲ್ಲ, ಕೊಬ್ಬೂ ಅಲ್ಲ. ಸುತ್ತ ಮೆತ್ತಗಿದ್ದು, ಭಾರಾನೇ ಬೀಳದಿದ್ರೆ ಕೊಬ್ಬಿನ ಕಡೆ ವಾಲ್ತವೆ. ಗಟ್ಟಿ ಜಾಗ, ತಡ್ಕೊಳ್ಳೋಷ್ಟು ಭಾರ ಸಿಕ್ರೆ ಮೂಳೆ ಆಗ್ತವೆ."

ಚಿಕ್ಕತಾಯಿ ಮೊದಮೊದಲು ಅಳ್ತಾ ನಿಂತ್ಲು. ಆಮೇಲೆ ಅಯ್ಯನ್ನ ಬೈತಾ ನಿಂತ್ಲು. ಒಂದು ಬೆಳಿಗ್ಗೆ ರಾಗಿಗೆ ಬಾಯಿ ಹಾಕಿದ ಕೋಳಿ ಓಡಿಸೋಕೆ ಯಾರನ್ನೂ ಹಿಡ್ಕೊಳ್ಳದೆ ಹೊರಟೇಬಿಟ್ಲು.

ದೇವೀರಿ ಸೆರಗಲ್ಲಿ ಮುಖ ಮುಚ್ಕೊಂಡ್ಲು. "ನಾನು ಮಾಡಿದ್ದೂ ಪ್ರೀತಿಯಿಂದಲೇ ಅಯ್ಯಾ."

"ಗೊತ್ತು ಕಣವ್ವ. ಮೂಳೆ ಒಳಗಿರೋ ಮರಿಕಣಕ್ಕೆ ಪ್ರೀತಿ ಕಾಣಲ್ಲ, ನೀನು ಕೆಳಗೆ ಏನು ಹಾಸಿದ್ದೀಯ, ಅಷ್ಟೇ ಕಾಣೋದು."