ಹೊನ್ನೂರಮ್ಮನ ಕಾರಿನ ಹಿಂದಿನ ಹಲ್ಲು

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಎರೆಹಾಳು ಅಂತ ಒಂದು ಊರು. ಆ ಊರಲ್ಲಿ ಹೊನ್ನೂರಮ್ಮ ಅಂತ ಒಬ್ಬ ಹೆಂಗಸು. ಅವಳು ಹೆಪ್ಪು ಹಾಕಿದ ಮೊಸರು ಗಡಿಗೆ ಬೋರಲು ಹಾಕಿದರೂ ಕೆಳಗೆ ಬೀಳುತ್ತಿರಲಿಲ್ಲವಂತೆ.

ಆ ಮೊಸರಿಗೆ ಗಿರಾಕಿಗಳು ಊರಲ್ಲಿರಲಿಲ್ಲ, ಕೋಟೆಗುಡ್ಡದಲ್ಲಿದ್ದರು. ಎರೆಹಾಳಿನಿಂದ ಕೋಟೆಗುಡ್ಡಕ್ಕೆ ಮೊದಲು ಕಪ್ಪು ಹೊಲಗಳ ಮಧ್ಯೆ ನೂಲು ಹಿಡಿದ ಹಾಗೆ ನೆಟ್ಟಗಿನ ದಾರಿ. ಆಮೇಲೆ ಬೋಳು ಬಂಡೆಗಳ ಏರು. ಏರಿನ ನೆತ್ತಿಯ ಮೇಲೆ ಪೇಟೆ. ಆ ಸೀಮೆಯ ಬಿಸಿಲು ಎಂಥದ್ದು ಅಂದರೆ, ದಾರಿಯಲ್ಲಿ ಸ್ವಲ್ಪ ತಡವಾದರೂ ಮೊಸರು ಹುಳಿಯಾಗಿ ಮುಖ ಕಿವುಚುವ ಹಾಗಾಗುತ್ತಿತ್ತಂತೆ. ಅದಕ್ಕೇ ಹೊನ್ನೂರಮ್ಮ ಕಾರು ಓಡಿಸಲು ಕಲಿತಳು.

ಕಾರು ಅವಳ ಗಂಡ ಗಾದಿಲಿಂಗಪ್ಪನದು. ಅವನಿಗೆ ಓಟದ ಹುಚ್ಚು. ದೂರದ ಊರಲ್ಲಿ ಯಾರೋ ದೊಡ್ಡವರ ಮಗ ರೇಸಿನ ಕಾರನ್ನು ಬೇವಿನ ಮರಕ್ಕೆ ಗುದ್ದಿ ಬಿಟ್ಟುಹೋಗಿದ್ದನಂತೆ. ಗಾದಿಲಿಂಗಪ್ಪ ಅದರ ಇಂಜಿನ್ ಬಿಚ್ಚಿ ತಂದು ತನ್ನ ಮನೆಯ ಹಳೇ ಕೆಂಪು ಕಾರಿಗೆ ಕೂರಿಸಿದ. ಅದನ್ನು ಚಾಲೂ ಮಾಡಿದರೆ ಪಕ್ಕದ ಊರಿನ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದವು ಅಂತಾರೆ. ಅಮಾವಾಸ್ಯೆಗೊಮ್ಮೆ ಅವನು ಕಾರಿಗೆ ಪೂಜೆ ಮಾಡಿ, ನೆಟ್ಟಗಿನ ದಾರಿಯಲ್ಲಿ ಹುಣಸೆಮರದತನಕ ಹೋಗಿಬರುತ್ತಿದ್ದ. ಊರಿಗೆ ಊರೇ ನಿಂತು ನೋಡುತ್ತಿತ್ತು. ಉಳಿದ ದಿನವೆಲ್ಲ ಹೊನ್ನೂರಮ್ಮ ಅದೇ ಕಾರಿನಲ್ಲಿ ಮೊಸರು ಸಾಗಿಸುತ್ತಿದ್ದಳು.

ಗಂಡಹೆಂಡಿರ ಜಗಳ ಹುಟ್ಟಿದ್ದು ಹಿಂದಿನ ಆಕ್ಸಲ್‌ನಲ್ಲಿ. ಕೇಳಿ, ಸುಲಭ ಇದೆ. ಕಾರಿನ ಹಿಂದಿನ ಎರಡು ಗಾಲಿಗಳ ನಡುವೆ ಒಂದು ಕಬ್ಬಿಣದ ಗಡಿಗೆ. ಅದರೊಳಗೆ ಒಂದು ದೊಡ್ಡ ಹಲ್ಲಿನ ಚಕ್ರ, ಒಂದು ಸಣ್ಣ ಹಲ್ಲಿನ ಚಕ್ರ. ಇಂಜಿನ್‌ನಿಂದ ಬರುವ ದಂಡ ಎಷ್ಟು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ಅನ್ನುವುದನ್ನು ಆ ಹಲ್ಲುಗಳೇ ತೀರ್ಮಾನ ಮಾಡುತ್ತವೆ. ಮೂರು ಸುತ್ತಿಗೆ ಒಂದು ಅಂತಿದ್ದರೆ ಅದು ಓಟದ ಹಲ್ಲು. ಬಯಲಲ್ಲಿ ಹಾರುತ್ತದೆ, ಏರಿನಲ್ಲಿ ಏದುಸಿರು. ಐದು ಸುತ್ತಿಗೆ ಒಂದು ಅಂತಿದ್ದರೆ ಅದು ಏರಿನ ಹಲ್ಲು. ಗೋಡೆಯನ್ನೂ ಹತ್ತುತ್ತದೆ, ಬಯಲಲ್ಲಿ ಬರೀ ಕಿರುಚಾಟ.

ಗಾದಿಲಿಂಗಪ್ಪ ಓಟದ ಹಲ್ಲು ಹಾಕಿಸಿದ್ದ. ಗುಡ್ಡದ ಅರ್ಧದಲ್ಲಿ ಎದುರಿಗೆ ಎತ್ತಿನಗಾಡಿ ಬಂದರೆ ಹೊನ್ನೂರಮ್ಮನ ಕಥೆ ಮುಗಿಯಿತು. ನಿಲ್ಲಿಸಿದ ಕಾರು ಮತ್ತೆ ಎದ್ದೇಳದು. ಕ್ಲಚ್ ಸುಟ್ಟ ವಾಸನೆ ಪೇಟೆಗೆ ಅವಳಿಗಿಂತ ಮೊದಲೇ ಮುಟ್ಟುತ್ತಿತ್ತಂತೆ. "ಹೊನ್ನೂರಮ್ಮ ಬರಾಕತ್ಯಾಳ, ಇವತ್ತಿನ ಮೊಸರು ಹುಳಿ" ಅಂತ ಗಿರಾಕಿಗಳು ಮೂಗಿನಿಂದಲೇ ತಿಳಿದುಕೊಳ್ಳುತ್ತಿದ್ದರಂತೆ.

ಅವಳು ಸೀದಾ ಖಾಜಾಸಾಬನ ಗ್ಯಾರೇಜಿಗೆ ಹೋದಳು. ಖಾಜಾಸಾಬ ಒಳ್ಳೆಯ ಕೆಲಸಗಾರ, ಆದರೆ ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ. ಏರಿನ ಹಲ್ಲು ಹಾಕು ಅಂದಳು, ಹಾಕಿದ. ಅಮಾವಾಸ್ಯೆಯ ಹಿಂದಿನ ದಿನ ಗಾದಿಲಿಂಗಪ್ಪ ಬಂದು ಓಟದ ಹಲ್ಲು ಹಾಕು ಅಂದ, ಹಾಕಿದ. ಪಾಡ್ಯದ ದಿನ ಅವಳು ಬಂದಳು. ಮುಂದಿನ ಅಮಾವಾಸ್ಯೆಗೆ ಇವನು ಬಂದ. ಹೀಗೆ ಬಿಚ್ಚಿ ಬಿಚ್ಚಿ ಆ ಆಕ್ಸಲ್‌ನ ನಟ್ಟುಗಳು ಸ್ಪ್ಯಾನರ್ ಕಂಡ ಕೂಡಲೇ ತಾವಾಗಿಯೇ ಸಡಿಲವಾಗುತ್ತಿದ್ದವು ಅಂತಾರೆ. ಊರೂ ಎರಡಾಯಿತು. ಓಟದವರು ಚಾವಡಿಯ ಈ ಕಡೆ, ಏರಿನವರು ಆ ಕಡೆ. ಕಾರೇ ಇಲ್ಲದವರು, ಕಾರು ಹತ್ತಿಯೇ ನೋಡದವರು ಕೂಡ ಹಲ್ಲಿನ ವಿಷಯಕ್ಕೆ ಬೀಗರ ಮನೆಗೆ ಹೋಗುವುದು ಬಿಟ್ಟರಂತೆ.

ಇಷ್ಟಾದರೂ ಹೊನ್ನೂರಮ್ಮನಿಗೆ ನೆಮ್ಮದಿ ಸಿಗಲಿಲ್ಲ. ಏರಿನ ಹಲ್ಲು ಹಾಕಿಸಿದರೆ ಗುಡ್ಡ ಸಲೀಸು, ನಿಜ. ಆದರೆ ಬಯಲಲ್ಲಿ ಆ ರೇಸಿನ ಇಂಜಿನ್ ಹುಚ್ಚು ಹಿಡಿದ ಹಾಗೆ ತಿರುಗುತ್ತಿತ್ತು. ಕಾರೆಲ್ಲ ಗಡಗಡ. ಪೇಟೆಯಲ್ಲಿ ಗಡಿಗೆಯ ಬಾಯಿ ಬಿಚ್ಚಿದರೆ ಮೊಸರೇ ಇಲ್ಲ! ಮೇಲೆ ಬೆಣ್ಣೆ, ಕೆಳಗೆ ಮಜ್ಜಿಗೆ. ಮೊಸರು ಕೇಳಿದವರಿಗೆ ಅವಳು ಬೆಣ್ಣೆ ಕೊಟ್ಟು ಮುಖ ತಗ್ಗಿಸಿ ಬರುತ್ತಿದ್ದಳು. ಅವಳ ಮೊಸರಿನ ಹೆಸರೇ ಹೋಗುವ ಹಾಗಾಯಿತು. ಅದು ಅವಳಿಗೆ ಸಹಿಸಲಾಗಲಿಲ್ಲ. ಒಂದು ದಿನ ಪೇಟೆಯ ಬಾವಿಕಟ್ಟೆಯ ಮೇಲೆ ಕೂತು ಅತ್ತಳಂತೆ. ಅತ್ತು, ಮುಖ ತೊಳೆದು, ಮನೆಗೆ ಬಂದು ಗಂಡನಿಗೆ ಅಂದಳು:

"ನಾಳೆ ನೀನು ನನ್ನ ಜೊತೆ ಬಾ."

"ನಾನು ಓಡಿಸ್ಲಾ?" ಅಂದ ಗಾದಿಲಿಂಗಪ್ಪ ಹಿಗ್ಗಿ.

"ಓಡಿಸೋದು ನಾನು. ನೀನು ಹಿಂದೆ ಕೂತು ಗಡಿಗೆ ಹಿಡ್ಕೊ."

ಮೊದಲ ದಿನ ಏರಿನ ಹಲ್ಲು. ಗಾದಿಲಿಂಗಪ್ಪ ತೊಡೆಯ ಮೇಲೆ ಗಡಿಗೆ ಇಟ್ಟುಕೊಂಡು ಕೂತ. ಬಯಲು ದಾಟುವುದರೊಳಗೆ ಗಡಿಗೆಯ ಬಾಯಿಬಟ್ಟೆ ಹಾರಿಹೋಯಿತು. ಗುಡ್ಡ ಮುಟ್ಟುವಷ್ಟರಲ್ಲಿ ಅವನ ಮೀಸೆಯಲ್ಲಿ ಬೆಣ್ಣೆ, ಕಿವಿಯಲ್ಲಿ ಬೆಣ್ಣೆ. ಪೇಟೆಯಲ್ಲಿ ಇಳಿದಾಗ ನಾಯಿಗಳು ಮೊಸರು ಬಿಟ್ಟು ಅವನ ಹಿಂದೆ ಬಂದವಂತೆ. "ನೋಡಿದೇನು, ನಿನ್ನ ಹಲ್ಲಿನ ಗತಿ!" ಅಂತ ಅವನು ಗೆದ್ದವನ ಹಾಗೆ ನಕ್ಕ.

ಮರುದಿನ ಓಟದ ಹಲ್ಲು. ಬಯಲಲ್ಲಿ ಗಾದಿಲಿಂಗಪ್ಪ ಹಾಡು ಹೇಳುತ್ತಾ ಬಂದ. ಗುಡ್ಡದಲ್ಲಿ ಕುರಿಹಿಂಡು ಅಡ್ಡ ಬಂತು, ಕಾರು ನಿಂತಿತು. ಮತ್ತೆ ಏಳಲಿಲ್ಲ. "ಇಳಿದು ನೂಕು" ಅಂದಳು ಹೊನ್ನೂರಮ್ಮ. ಒಂದು ಕೈಯಲ್ಲಿ ಗಡಿಗೆ, ಇನ್ನೊಂದು ಕೈಯಲ್ಲಿ ಕಾರು, ಗುಡ್ಡದ ನೆತ್ತಿಯತನಕ ನೂಕಿದ. ಕುರಿಗಳು ಮುಂದೆ ಹೋಗಿ ಮೇಲೆ ನಿಂತು ಅವನಿಗಾಗಿ ಕಾದವು ಅಂತ ಹೇಳುವವರೂ ಇದ್ದಾರೆ, ನಾನು ಅಷ್ಟು ಹೇಳಲಾರೆ.

ಆ ದಿನ ಸಂಜೆ ಇಬ್ಬರೂ ಒಟ್ಟಿಗೆ ಖಾಜಾಸಾಬನ ಗ್ಯಾರೇಜಿಗೆ ಬಂದರು. ಇಬ್ಬರನ್ನೂ ಒಮ್ಮೆಗೇ ನೋಡಿ, ಯಾರ ಮಾತಿಗೆ ಹೂಂ ಅನ್ನುವುದು ಅಂತ ತಿಳಿಯದೆ ಖಾಜಾಸಾಬ ಕಾರಿನ ಕೆಳಗೆ ತೂರಿಕೊಂಡನಂತೆ. ಹೊನ್ನೂರಮ್ಮ ಬಗ್ಗಿ ಅವನ ಕಾಲುಗಳಿಗೇ ಹೇಳಿದಳು:

"ನೋಡಪ್ಪಾ ಖಾಜಾ, ಈ ಕಾರಿಗೆ ನಾಲ್ಕು ಗೇರು. ಓಟದ ಹಲ್ಲು ಹಾಕಿದ್ರೆ ನಾಲ್ಕನೇದಕ್ಕೆ ಉಸಿರು ಬರೋದ್ರೊಳಗ ಗುಡ್ಡ ಬಂದುಬಿಡ್ತೈತೆ. ಏರಿನ ಹಲ್ಲು ಹಾಕಿದ್ರೆ ಒಂದನೇದು ಹಾಕೋದೇ ತಡ, ತೆಗಿ ಅಂತೈತೆ. ಮನೆಗೆ ನಾಲ್ಕು ಜನ ಸೊಸೆಯಂದ್ರು ಬಂದಮ್ಯಾಲೆ ನಾಲ್ಕೂ ಜನ ಕೆಲಸ ಮಾಡಬೇಕಲ್ಲೋ! ನಾನು ದಿನಾ ಹೋಗೋ ದಾರಿಗೆ ನಾಲ್ಕೂ ದುಡಿಯೋವಂಥ ಹಲ್ಲು ಯಾವುದೂ ಇಲ್ಲೇನು?"

ಕಾರಿನ ಕೆಳಗಿನಿಂದ ಖಾಜಾಸಾಬ ಅಂದ: "ಐತೆ. ಟೂರಿಂಗ್ ಟಾಕೀಸಿನ ವ್ಯಾನಿಂದು. ನಾಲ್ಕು ಸುತ್ತಿಗೆ ಒಂದು. ನನ್ನ ಮಂಚದ ಕೆಳಗೇ ಐತೆ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂತ ಗಾದಿಲಿಂಗಪ್ಪ ಕೂಗಿದ.

"ಯಾರು ಕೇಳಿದ್ರಿ?" ಅಂದವು ಖಾಜಾಸಾಬನ ಕಾಲುಗಳು.

ಗಾದಿಲಿಂಗಪ್ಪನಿಗೆ ಒಪ್ಪಿಗೆಯಿರಲಿಲ್ಲ. ಹುಣಸೆಮರದ ಹತ್ತಿರ ವೇಗ ತೋರಿಸುವ ಮುಳ್ಳು ಮೊದಲಿನಷ್ಟು ಮೇಲೆ ಹೋಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಆದರೆ ಗುಡ್ಡ ನೂಕಿದ ಭುಜ ಇನ್ನೂ ನೋಯುತ್ತಿತ್ತು.

ಹೊಸ ಹಲ್ಲು ಕೂತ ವಾರದಲ್ಲೇ ಕೋಟೆಗುಡ್ಡದಲ್ಲಿ ಒಂದು ದೊಡ್ಡ ಮನೆಯ ಮದುವೆ. ಅಡಿಗೆಮನೆಗೆ ಕೋತಿಗಳು ನುಗ್ಗಿ ಹಂಡೆ ಹಂಡೆ ಮೊಸರು ಉರುಳಿಸಿಬಿಟ್ಟವು. ಆಗಲೇ ಮೊದಲ ಪಂಕ್ತಿ ಕೂತಿದೆ, ಬೀಗರೆಲ್ಲ ಅದರಲ್ಲೇ ಇದ್ದಾರೆ. ಮೊಸರನ್ನ ಇಲ್ಲದೆ ಎಲೆ ಬಿಟ್ಟು ಏಳುವುದು ಹೇಗೆ? ಮದುವೆಮನೆಯವರು ಒಬ್ಬನನ್ನು ಸೈಕಲ್ಲಿನಲ್ಲಿ ಎರೆಹಾಳಿಗೆ ಅಟ್ಟಿದರು. ನಂಬಿಕೆ ಸಾಲದೆ ಇನ್ನೊಬ್ಬನನ್ನು ಎರೆಹಾಳಿನ ಪಕ್ಕದೂರಿಗೂ ಅಟ್ಟಿದರು. ಅಲ್ಲಿಂದ ಮೊಸರು ತರಬೇಕಾದವನು ಬಸ್ಸಿನ ಡ್ರೈವರ್ ಎರ್ರಿಸ್ವಾಮಿ. ಹೆಂಗಸು ಕಾರು ಓಡಿಸುವುದು ಕಂಡರೆ ಆಗದವನು.

ಬಯಲಿನ ದಾರಿಗೆ ಹೊನ್ನೂರಮ್ಮ ಬಂದಾಗ ಎರ್ರಿಸ್ವಾಮಿಯ ಬಸ್ಸು ಎಷ್ಟೋ ಮುಂದೆ ಧೂಳೆಬ್ಬಿಸುತ್ತಿತ್ತು. ಹಿಂದಿನ ಸೀಟಿನಲ್ಲಿ ಗಾದಿಲಿಂಗಪ್ಪ ಎರಡು ಗಡಿಗೆ ತಬ್ಬಿಕೊಂಡು, "ಅಯ್ಯೋ, ಓಟದ ಹಲ್ಲು ಇದ್ದಿದ್ರೆ!" ಅಂತ ಕೂಗಿದ. ಅವಳು ನಾಲ್ಕನೇ ಗೇರಿಗೆ ಹಾಕಿದಳು. ಕಾರು ಕಿರುಚಲಿಲ್ಲ, ನಡುಗಲಿಲ್ಲ, ಗುಂಯ್ ಅಂತ ಒಂದೇ ಸ್ವರದಲ್ಲಿ ಹೋಯಿತು. ಧೂಳು ಹತ್ತಿರ ಬಂತು. ಧೂಳೊಳಗೆ ಹೊಕ್ಕರು. ಧೂಳು ದಾಟಿದರು. ಎರ್ರಿಸ್ವಾಮಿಯ ಬಾಯಿಯಲ್ಲಿದ್ದ ಬೀಡಿ ಉದುರಿತಂತೆ.

ಗುಡ್ಡದಲ್ಲಿ ದಿಬ್ಬಣದ ಗಾಡಿಯೊಂದು ಅಡ್ಡ ನಿಂತಿತ್ತು. ಬ್ರೇಕು ಹಾಕಲೇಬೇಕಾಯಿತು. ಕಾರು ನಿಂತಿತು. ಗಾದಿಲಿಂಗಪ್ಪ ಹೇಳಿಸಿಕೊಳ್ಳದೆ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟ, ನೂಕುವುದಕ್ಕೆ.

"ಕಾಲು ಒಳಗೆ ತಗೊ" ಅಂದಳು ಹೊನ್ನೂರಮ್ಮ.

ಗಾಡಿ ಸರಿಯಿತು. ಒಂದನೇ ಗೇರು ಹಾಕಿ, ಮೆಲ್ಲಗೆ ಕ್ಲಚ್ ಬಿಟ್ಟಳು. ಕಾರು ಹಾಸಿಗೆಯಿಂದ ಎದ್ದ ಬೆಕ್ಕಿನ ಹಾಗೆ ಎದ್ದು ಮುಂದೆ ಹೋಯಿತು. ವಾಸನೆ ಇಲ್ಲ, ಜರ್ಕು ಇಲ್ಲ. ಗಾದಿಲಿಂಗಪ್ಪ ಬಾಗಿಲು ಹಾಕಿಕೊಂಡು, ಮೆತ್ತಗೆ "ಹೂಂ" ಅಂದನಂತೆ. ಅವಳಿಗೆ ಅದು ಕೇಳಿಸಿತು. ಮದುವೆಯಾದ ಮೇಲೆ ಅವನ ಬಾಯಿಂದ ಕೇಳಿದ ಮೊದಲ ಹೂಂ ಅದು ಅಂತ ಆಮೇಲೆ ಊರವರಿಗೆ ಹೇಳಿಕೊಂಡು ನಗುತ್ತಿದ್ದಳಂತೆ.

ಮದುವೆಮನೆಯಲ್ಲಿ ಬೀಗರು ಖಾಲಿ ಎಲೆಯ ಮುಂದೆ ಕೈ ಒಣಗಿಸಿಕೊಂಡು ಕೂತಿದ್ದರು. ಗಡಿಗೆ ಬಿಚ್ಚಿದರೆ ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗಿತ್ತು. ಗಂಡಿನ ಅಜ್ಜ ಬಾಯಿಗಿಟ್ಟು, ಕಣ್ಣು ಮುಚ್ಚಿ, ಮತ್ತೆ ಅನ್ನ ಬಡಿಸಿ ಅಂದ. ಎರ್ರಿಸ್ವಾಮಿ ರೇಡಿಯೇಟರ್ ಕುದಿಸಿಕೊಂಡು ಬರುವಷ್ಟರಲ್ಲಿ ಎಲೆ ಎತ್ತುತ್ತಿದ್ದರು. ಹೊನ್ನೂರಮ್ಮ ಅವನನ್ನು ಕರೆದು ಎರಡನೇ ಪಂಕ್ತಿಯಲ್ಲಿ ಕೂರಿಸಿ, ತಾನೇ ಬಡಿಸಿದಳು. ಅವನು ತಲೆ ಎತ್ತದೆ ಮೂರು ಸಲ ಹಾಕಿಸಿಕೊಂಡ. ಆ ಕಡೆ ಚಪ್ಪರದ ಕೆಳಗೆ ಗಾದಿಲಿಂಗಪ್ಪ ಜನರನ್ನು ಸೇರಿಸಿಕೊಂಡು ಹೇಳುತ್ತಿದ್ದ: "ಆ ಹಲ್ಲು ಆರಿಸಿದ್ದು ನಾನೇ!" ಅವಳು ಕೇಳಿಸಿಕೊಂಡರೂ ತಡೆಯಲಿಲ್ಲವಂತೆ.

ಈಗ ಅವರು ಯಾರೂ ಇಲ್ಲ. ಆದರೆ ಆ ಸೀಮೆಯ ಗ್ಯಾರೇಜುಗಳಲ್ಲಿ ಇವತ್ತಿಗೂ ಯಾರಾದರೂ ಹಿಂದಿನ ಹಲ್ಲು ಬದಲಿಸಿ ಅಂತ ಹೋದರೆ ಮೆಕಾನಿಕ್ ಮೊದಲು ಕೇಳುವುದು, ಕಾರು ದಿನಾ ಓಡಿಸುವವರು ಯಾರು ಅಂತ. ಆಮೇಲೆ ಅವರನ್ನು ಸ್ಟಿಯರಿಂಗ್ ಮುಂದೆ ಕೂರಿಸುತ್ತಾನೆ, ಹಲ್ಲು ಬೇಕು ಅಂದವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ತೊಡೆಯ ಮೇಲೆ ಒಂದು ಗಡಿಗೆ ಮೊಸರು ಇಡುತ್ತಾನೆ, ಗುಡ್ಡ ಹತ್ತಿ ಇಳಿದು ಬನ್ನಿ ಅನ್ನುತ್ತಾನೆ. ಮೊಸರು ಮೊಸರಾಗಿಯೇ ವಾಪಸು ಬಂದರೆ ಅದೇ ಹಲ್ಲು ಸರಿ. ಅದಕ್ಕೇ ಆ ಕಡೆ ಗ್ಯಾರೇಜಿಗೆ ಹೊರಟ ಗಂಡಸಿಗೆ ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ಹೇಳುತ್ತಾರೆ: "ಹಳೇ ಅಂಗಿ ಹಾಕ್ಕೊಂಡು ಹೋಗು."